ಜೆ ಒತ್ತಿದರೆ ಕೆಳಕ್ಕೆ

ಕೊನೆಯ ಮಾಮೂಲಿ ದಿನ ಒಂದು ಮಂಗಳವಾರ. ಅದು ಕೊನೆಯದೆಂದು ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ; ಹಾಗಾಗಿ ನಾನೂ ನನ್ನ ಹೆಂಡತಿ ಗಿರಿಜಾಳೂ ಅದನ್ನು ಒಬ್ಬ ಅಜ್ಜಿಯ ವಿಷಯಕ್ಕೆ ಜಗಳವಾಡಿ ಕಳೆದೆವು. ಅಜ್ಜಿ ನಮ್ಮವರಲ್ಲ. ಹಲಸೂರು ಕೆರೆಯ ಕಡೆಯ ಯಾವುದೋ ಮನೆಯವರು. ಗಿರಿಜಾ ಹಲಸೂರಿನಲ್ಲಿ ಒಂದು ಚಿಕ್ಕ ಟೈಪಿಂಗ್ ಅಂಗಡಿ ಇಟ್ಟಿದ್ದಳು. ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಹೀಗೆ ಸುತ್ತಲಿನವರ ಯಾವ ಕಾರ್ಡಾದರೂ ಅದರ ಬರಹವನ್ನು, ಪ್ರೆಸ್‌ನವರ ಮಾತಿನಲ್ಲಿ ಹೇಳುವುದಾದರೆ ಮ್ಯಾಟರನ್ನು, ಅವಳು ಟೈಪ್ ಮಾಡಿ ಶಿವಾಜಿನಗರದ ಪ್ರೆಸ್‌ಗೆ ಕಳಿಸುತ್ತಿದ್ದಳು. ಹೂವು, ಬಳ್ಳಿ, ಗಣಪತಿ ಎಲ್ಲ ಪ್ರೆಸ್‌ನವರ ಕೆಲಸ. ಅಕ್ಷರ ಮಾತ್ರ ಇವಳದು. ನಾನು ನಿವೃತ್ತನಾದ ಮೇಲೆ ಪ್ರತಿ ಸಂಜೆ ಜೀವನ್ ಬಿಮಾ ನಗರದಿಂದ ಬಸ್ಸು ಹಿಡಿದು ಅಂಗಡಿಗೆ ಹೋಗಿ, ಗಿರಾಕಿಗಳು ಕೈಯಲ್ಲಿ ಬರೆದುಕೊಟ್ಟ ಹಾಳೆಯನ್ನು ಜೋರಾಗಿ ಓದುತ್ತಿದ್ದೆ. ಅವಳು ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತಿದ್ದಳು. ಪ್ರತಿ ಸಾಲಿಗೂ ‘ಹ್ಞೂಂ, ಮುಂದೆ’ ಎನ್ನುತ್ತಿದ್ದಳು. ಎಲ್ಲ ಸರಿಯಿದ್ದರೆ ಮ್ಯಾಟರಿನ ಕೆಳಗೆ ‘ಓದಿದೆ’ ಎಂದು ಟೈಪ್ ಮಾಡುತ್ತಿದ್ದಳು. ಆ ಒಂದು ಪದ ಇಲ್ಲದಿದ್ದರೆ ಅಚ್ಚಿಗೆ ಹಾಕಕೂಡದು ಎಂದು ಪ್ರೆಸ್‌ನವರಿಗೆ ಕಟ್ಟಪ್ಪಣೆ.

ಆ ಮಂಗಳವಾರ ನಾಮಕರಣದ ಕಾರ್ಡು ಓದುವಾಗ ನಾನು ಒಂದು ಸಾಲು ಬಿಟ್ಟೆ.

“ರೀ, ಅಜ್ಜಿ ಎಲ್ಲಿ ಹೋದ್ರು?” ಎಂದಳು.

“ಯಾವ ಅಜ್ಜಿ?”

“ಮಗೂನ ಅಜ್ಜಿ. ಹಾಳೇಲಿದಾರೆ, ನಿಮ್ಮ ಬಾಯಲ್ಲಿಲ್ಲ.”

“ಅಜ್ಜಿ ಹೆಸರು ಇಲ್ದಿದ್ರೆ ಮಗೂಗೆ ಹೆಸರು ಇಡಲ್ವೇನು?”

“ಕಾರ್ಡಲ್ಲಿ ಅಜ್ಜಿ ಹೆಸರು ಬಿಟ್ಟೋದ್ರೆ ಆ ಮನೇಲಿ ಅವತ್ತು ಒಲೇನೇ ಹಚ್ಚಲ್ಲ. ನಿಮಗೇನು ಗೊತ್ತು. ಮೊದಲಿಂದ ಓದಿ.”

ಓದಿದೆ. ಆದರೆ ಮನೆಯವರೆಗೂ ಬಸ್ಸಿನಲ್ಲಿ ಮಾತಾಡಲಿಲ್ಲ. ಮರುದಿನ ಬೆಳಗ್ಗೆ ಹಾಲು ಕಾಯಿಸಲು ಎದ್ದವಳು ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಕೆಳಗೆ ಕೂತಳು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ದುಃಖದ ವಿಷಯ ನಾನು ಬರೆಯಲಾರೆ; ನನಗೆ ಅಷ್ಟು ಓದಿಲ್ಲ. ಕೋಪದ ವಿಷಯ ಬರೆಯಬಲ್ಲೆ. ಮೊದಲ ಕೋಪ ನನ್ನ ಬಾಮೈದನ ಮೇಲೆ. ಅಕ್ಕನ ಹನ್ನೊಂದನೆಯ ದಿನದ ಕಾರ್ಡನ್ನು ತಾನೇ ನೋಡಿಕೊಳ್ಳುವುದಾಗಿ ಅವನು ಹೊತ್ತುಕೊಂಡ. ಮೊಬೈಲಿನಲ್ಲಿ ಯಾವುದೋ ಹಳೆಯ ಕಾರ್ಡು ತೆಗೆದು, ಹೆಸರು ಬದಲಿಸಿ, ಅರ್ಧ ಗಂಟೆಯಲ್ಲಿ ನೂರು ಪ್ರತಿ ತಂದ. ಅದರಲ್ಲಿ ಗಿರಿಜಾ ‘ಆದರ್ಶ ಗೃಹಿಣಿ’ ಆಗಿದ್ದಳು. ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದವಳು ಅವಳು; ಮನೆಯಲ್ಲಿ ತಾನು ಮಾಡಿದ ಉಪ್ಪಿಟ್ಟಿನ ಬಗ್ಗೆ ಆದರ್ಶ ಎಂಬ ಮಾತನ್ನು ಅವಳೇ ಆಡಿರಲಿಲ್ಲ. ಅದನ್ನಾದರೂ ನುಂಗಿಕೊಂಡೆ. ಕಾರ್ಡಿನ ಅತಿ ಕೆಳಗೆ, ಗೆರೆ ಎಳೆದು, ದಪ್ಪ ಅಕ್ಷರದಲ್ಲಿ, ‘ಆಶೀರ್ವಾದವೇ ಉಡುಗೊರೆ’ ಎಂದಿತ್ತು.

ಯಾವುದೋ ಮದುವೆಯ ಕಾರ್ಡಿನಿಂದ ಉಳಿದುಕೊಂಡ ಸಾಲು. ಬಂದವರೆಲ್ಲ ಓದಿದರು. ಊಟ ಮಾಡಿ ಹೋದರು. ಬಾಮೈದನನ್ನು ಕರೆದು ತೋರಿಸಿದೆ. “ಬಿಡಿ ಭಾವ, ಈಗ ಯಾರು ಓದ್ತಾರೆ ಕಾರ್ಡನ್ನ?” ಎಂದ. ಕಾರ್ಡುಗಳನ್ನು ಓದಿಸಿಯೇ ಬದುಕಿದವಳ ಸ್ವಂತ ತಮ್ಮ ಈ ಮಾತು ಹೇಳಿದ. ಆ ದಿನದಿಂದ ಅವನೊಡನೆ ನಾನು ಸರಿಯಾಗಿ ಮಾತಾಡಿಲ್ಲ. ಅವನಿಗೆ ಅದು ಗೊತ್ತಾಗಿಲ್ಲ, ಏಕೆಂದರೆ ಮೊದಲೂ ನಾನು ಸರಿಯಾಗಿ ಮಾತಾಡುತ್ತಿರಲಿಲ್ಲ.

ಅವತ್ತು ನನಗೆ ಗಿರಿಜಾ ಒಮ್ಮೆ ಅಂಗಡಿಯಲ್ಲಿ ಹೇಳಿದ್ದು ನೆನಪಾಯಿತು. ಬೇರೆ ಅಂಗಡಿಯಲ್ಲಿ ಮಾಡಿಸಿದ ಯಾರದೋ ತಿಥಿ ಕಾರ್ಡಿನಲ್ಲಿ ಸತ್ತವರ ಹೆಸರೇ ತಪ್ಪಾಗಿ ಅಚ್ಚಾಗಿ ಬಂದಿತ್ತು. ಅದನ್ನು ನೋಡಿ ಅವಳು, “ಅದಕ್ಕೇ ನಮ್ಮ ಮನೇದು ನಾನು ಈಗ್ಲೇ ಟೈಪ್ ಮಾಡಿಟ್ಟಿದ್ದೀನಿ. ಯಾರೂ ಕೈ ಹಾಕೋ ಹಾಗಿಲ್ಲ,” ಎಂದಿದ್ದಳು. ನಾನು ತಮಾಷೆ ಎಂದುಕೊಂಡೆ. ಆದರೆ ಗಿರಿಜಾ ಕೆಲಸದ ವಿಷಯದಲ್ಲಿ ತಮಾಷೆ ಮಾಡಿದವಳಲ್ಲ. ಅಂದರೆ ಅವಳ ಕಾರ್ಡು ಅವಳದೇ ಮಾತಿನಲ್ಲಿ ಅಂಗಡಿಯ ಕಂಪ್ಯೂಟರಿನಲ್ಲಿ ಇದೆ. ಹನ್ನೊಂದನೆಯ ದಿನ ಹೋಯಿತು, ವರ್ಷದ ತಿಥಿಗಾದರೂ ಅದನ್ನು ಅಚ್ಚು ಹಾಕಿಸಬೇಕು. ಅಷ್ಟು ನಿರ್ಧಾರ ಮಾಡಿ ಅಂಗಡಿಯ ಬಾಗಿಲು ತೆಗೆದೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮೂವತ್ನಾಲ್ಕು ವರ್ಷ ಒಂದು ವಿಮಾ ಕಚೇರಿಯ ದಫ್ತರ ಕೋಣೆಯಲ್ಲಿ ಫೈಲುಗಳನ್ನು ಕಾಯ್ದವನು. ಎಸ್ಸೆಸ್ಸೆಲ್ಸಿ ಓದು. ಆದರೆ ಧೂಳು ಹಿಡಿದ ಕಬ್ಬಿಣದ ಬೀರುಗಳ ನಡುವೆ ಕಣ್ಣು ಮುಚ್ಚಿಕೊಂಡು ನಡೆದು ಕೇಳಿದ ಫೈಲು ತಂದುಕೊಡುತ್ತಿದ್ದೆ. ಒಂದು ಫೈಲನ್ನು ಮುಟ್ಟಿದರೆ ಅದರ ದಾರದ ಗಂಟಿನಿಂದಲೇ ಅದು ಯಾವ ಗುಮಾಸ್ತನ ಕೈಯಿಂದ ಬಂದದ್ದೆಂದು ಹೇಳುತ್ತಿದ್ದೆ. ಅಂಥವನಿಗೆ ಹೆಂಡತಿಯ ಒಂದು ಫೈಲು ಹುಡುಕುವುದು ಏನು ಕಷ್ಟ ಎಂದುಕೊಂಡು ಕಂಪ್ಯೂಟರಿನ ಗುಂಡಿ ಒತ್ತಿದೆ. ಕಪ್ಪು ಪರದೆ ಬಂತು. ಅದರ ಮೇಲೆ ಇಂಗ್ಲಿಷ್ ಹೆಸರುಗಳ ಮೂರು ಕಂಬಸಾಲು. ಚಿತ್ರವಿಲ್ಲ, ಗುಂಡಿಯಿಲ್ಲ, ‘ಸ್ವಾಗತ’ ಎಂಬ ಮಾತಿಲ್ಲ. ಮೇಜಿನ ಮೇಲೆ ಮೌಸ್ ಕೂಡ ಇಲ್ಲ.

ಇದಕ್ಕೆ ಕಾರಣ ಬಸವರಾಜ. ಕಲಬುರಗಿ ಕಡೆಯವನು, ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ, ಹೆಂಡತಿ ಮಕ್ಕಳೊಡನೆ ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದಾನೆ. ತಂಗಿಯ ಮದುವೆ ಕಾರ್ಡು ಮಾಡಿಸಲು ಬಂದವನು ಗಿರಿಜಾಳ ಮಣಿಕಟ್ಟಿಗೆ ಸುತ್ತಿದ್ದ ಪಟ್ಟಿ ನೋಡಿದ. ಮೌಸ್ ಹಿಡಿದು ಹಿಡಿದು ಅವಳ ಕೈ ಬಾತುಕೊಂಡಿತ್ತು. ಡಾಕ್ಟರು ಕೆಲಸವನ್ನೇ ಬಿಡಿ ಎಂದಿದ್ದರು. “ಕೆಲಸ ಯಾಕ ಬಿಡ್ತೀರಿ ಅಕ್ಕಾರ, ಮೌಸ್ ಬಿಡ್ರಿ,” ಎಂದು ಒಂದು ಭಾನುವಾರ ಕೂತು ಎಲ್ಲವನ್ನೂ ಕೀಬೋರ್ಡಿನಿಂದಲೇ ನಡೆಯುವಂತೆ ಮಾಡಿಕೊಟ್ಟ. ಕೈಯನ್ನು ಕೀಲಿಗಳ ಮೇಲಿಂದ ಎತ್ತುವುದೇ ಬೇಡ. ಒಂದು ತಿಂಗಳಲ್ಲಿ ಅವಳ ಪಟ್ಟಿ ಬಿಚ್ಚಿತು. ಆ ಉಪಕಾರಕ್ಕೆ ನಾನು ಅವನಿಗೆ ಋಣಿ. ಆದರೂ ಆ ಕಪ್ಪು ಪರದೆಯ ಮುಂದೆ ಕೂತಾಗ ನನಗೆ ಅವನ ಮೇಲೆ ಬಂದ ಕೋಪವನ್ನು ಬರೆದರೆ ಈ ಪುಟ ಸಾಲದು. ಅವಳನ್ನು ಅವನು ಅಕ್ಕಾರ ಎನ್ನುತ್ತಾನೆ, ನನ್ನನ್ನು ಕಾಕಾ ಎನ್ನುತ್ತಾನೆ. ಹಾಗಾದರೆ ನಾನು ನನ್ನ ಹೆಂಡತಿಗೆ ಏನಾಗಬೇಕಪ್ಪ ಎಂದು ಒಮ್ಮೆ ಕೇಳಿದ್ದೆ. “ನಾ ತಲಿಕೂದಲ ನೋಡಿ ಕರೀತೀನ್ರಿ,” ಎಂದಿದ್ದ.

ಅವನಿಗೆ ಫೋನ್ ಮಾಡಿದೆ. ಏನು ಹುಡುಕುತ್ತಿದ್ದೇನೆಂದು ಹೇಳಲಿಲ್ಲ. ಹೆಂಡತಿಯ ತಿಥಿ ಕಾರ್ಡನ್ನು ಹೆಂಡತಿಯೇ ಬರೆದಿಟ್ಟಿದ್ದಾಳೆ, ಅದು ಎಲ್ಲಿದೆ ಹೇಳು ಎಂದು ಯಾವ ಬಾಯಲ್ಲಿ ಕೇಳುವುದು? ಒಂದು ಫೈಲು ಬೇಕಾಗಿತ್ತು ಎಂದೆ ಅಷ್ಟೆ.

“ಫೈಲ್ ಮ್ಯಾನೇಜರ್ ತಾನ ತೆರಕೊಂಡಿರ್ತದ ನೋಡ್ರಿ, ಕಾಕಾ,” ಎಂದ.

ನನಗೆ ಆ ಹೆಸರಿನಲ್ಲೇ ನಂಬಿಕೆ ಹೋಯಿತು. ಮೂವತ್ನಾಲ್ಕು ವರ್ಷ ನಾನು ನೋಡಿದ ಮ್ಯಾನೇಜರುಗಳಲ್ಲಿ ಒಬ್ಬರೂ ಒಂದು ಫೈಲನ್ನೂ ಸ್ವತಃ ಹುಡುಕಿದವರಲ್ಲ.

“ಎಚ್ ಅಂದ್ರ ಹಿಂದಕ್ಕ, ಎಲ್ ಅಂದ್ರ ಒಳಗ. ಜೆ ಒತ್ತಿದ್ರ ಕೆಳಕ್ಕ, ಕೆ ಒತ್ತಿದ್ರ ಮ್ಯಾಲಕ್ಕ. ಇಷ್ಟ ರೀ. ನಾಕ ಕೀಲಿ.”

ಕೆ ಎಂದರೆ ಕೆಳಕ್ಕೆ ಇರಬೇಕಲ್ಲವೇ ಎಂದೆ. ಇದನ್ನ ಮಾಡಿದವರಿಗೆ ಕನ್ನಡ ಬರಂಗಿಲ್ರಿ ಎಂದ. ಆಗಲಿ ಎಂದು ಜೆ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕೆ ಒತ್ತಿದೆ. ನಾಲ್ಕು ಕೀಲಿಗಳನ್ನೂ ಒಟ್ಟಿಗೆ ಒತ್ತಿದೆ. ಮೂರು ದಿನ ಬೆಳಗ್ಗೆ ಹೋಗಿ ಮಧ್ಯಾಹ್ನದವರೆಗೆ ಒತ್ತಿದೆ. ಪರದೆ ಕಲ್ಲಿನಂತೆ ಕೂತಿತ್ತು. ದಫ್ತರ ಕೋಣೆಯ ಬೀರು ತೆಗೆಯದಿದ್ದರೆ ಒಂದು ಒದೆ ಕೊಡುತ್ತಿದ್ದೆವು, ತೆಗೆದುಕೊಳ್ಳುತ್ತಿತ್ತು. ಇದಕ್ಕೆ ಎಲ್ಲಿ ಒದೆಯುವುದು? ಮೂರನೆಯ ದಿನ ಕೀಬೋರ್ಡನ್ನು ಎತ್ತಿ ಮೇಜಿಗೆ ಕುಕ್ಕಿದೆ. ಎರಡು ಕೀಲಿ ಹಾರಿ ಬಿದ್ದವು. ಅವನ್ನು ಹುಡುಕಿಕೊಂಡು ಮೇಜಿನ ಕೆಳಗೆ ಮಂಡಿಯೂರಿದ್ದಾಗ ಪಕ್ಕದ ಜೆರಾಕ್ಸ್ ಅಂಗಡಿಯ ಸೆಲ್ವಿ ಇಣುಕಿ ನೋಡಿದರು.

“ಏನಣ್ಣಾ, ಇಲೀನಾ?”

“ಇಲಿ ಇದ್ದಿದ್ರೆ ಚೆನ್ನಾಗಿರೋದಮ್ಮ. ಇಲ್ಲಿ ಅದೂ ಇಲ್ಲ,” ಎಂದು ಕಷ್ಟ ಹೇಳಿಕೊಂಡೆ.

ಸೆಲ್ವಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಕಂಪ್ಯೂಟರಂತೂ ಗೊತ್ತೇ ಇಲ್ಲ. ಅವರು ಪರದೆಯನ್ನು ನೋಡಲೂ ಇಲ್ಲ. “ಅಕ್ಕ ಬೆಳಗ್ಗೆ ಬಂದ ತಕ್ಷಣ ಫಸ್ಟು ಈ ಕೀ ಒತ್ತುತಾ ಇದ್ರು. ಆಮೇಲೇ ಸಾಮಿಗೆ ಊದುಬತ್ತಿ,” ಎಂದು ಎಡಗಡೆಯ ಒಂದು ಉದ್ದ ಕೀಲಿ ತೋರಿಸಿದರು. ಅದನ್ನು ಒತ್ತಿ ಜೆ ಒತ್ತಿದೆ. ಪರದೆಯಲ್ಲಿ ಮೊದಲ ಹೆಸರಿನ ಮೇಲೆ ಕೂತಿದ್ದ ಬಣ್ಣದ ಪಟ್ಟೆ ಸರಕ್ಕನೆ ಒಂದು ಹೆಸರು ಕೆಳಗಿಳಿಯಿತು. ಆಮೇಲೆ ಬಸವರಾಜ ಬಿಡಿಸಿ ಹೇಳಿದ: ಅವಳ ಕಂಪ್ಯೂಟರು ಏಳುವುದೇ ಕನ್ನಡದಲ್ಲಿ. ನಾನು ಮೂರು ದಿನ ಒತ್ತಿದ ಜೆ ಅದಕ್ಕೆ ಜೆ ಆಗಿ ಕೇಳಿಸಿರಲೇ ಇಲ್ಲ, ಕನ್ನಡ ಅಕ್ಷರವಾಗಿ ಹೋಗಿತ್ತು. ಕೀಲಿ ಒತ್ತಿ ಇಂಗ್ಲಿಷಿಗೆ ಬದಲಿಸಿದರೆ ಮಾತ್ರ ಅದು ನಡೆಯುತ್ತದೆ. “ಅದು ಹೇಳೂದು ಮರತಿದ್ದೆ ನೋಡ್ರಿ, ಕಾಕಾ,” ಎಂದ. ಮರೆತಿದ್ದನಂತೆ. ನನ್ನ ಮೂರು ದಿನ, ಎರಡು ಕೀಲಿ.

ಅಲ್ಲಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಕ್ಯೂ ಒತ್ತಿದರೆ ಎಲ್ಲ ಮುಚ್ಚಿಹೋಗುತ್ತದೆ, ‘ಹೋಗಲೇ?’ ಎಂದು ಕೇಳುವುದಿಲ್ಲ. ನಮ್ಮ ಕಚೇರಿಯ ಜವಾನನೂ ಬಾಗಿಲು ಹಾಕುವ ಮೊದಲು ಒಳಗೆ ಯಾರಾದರೂ ಇದ್ದೀರಾ ಎಂದು ಕೂಗುತ್ತಿದ್ದ. ಇದಕ್ಕೆ ಆ ಸಂಸ್ಕಾರವಿಲ್ಲ. ಒಂದು ದಿನ ಡಿ ಎರಡು ಸಲ ಒತ್ತಿಬಿಟ್ಟೆ. ‘ತಿಥಿ’ ಎಂದು ಇಂಗ್ಲಿಷಿನಲ್ಲಿ ಹೆಸರು ಬರೆದಿದ್ದ ಇಡೀ ಫೋಲ್ಡರು ಮಂಕಾಯಿತು. ಹಲಸೂರಿನ ಇಪ್ಪತ್ತೆರಡು ವರ್ಷದ ಸಾವುಗಳೆಲ್ಲ ಅದರಲ್ಲಿದ್ದವು, ಅವಳದೂ ಅದರಲ್ಲಿರಬೇಕು. ಬಸವರಾಜನಿಗೆ ಫೋನ್ ಮಾಡಿದೆ. ಅವನು ಕಾರ್ಖಾನೆಯ ಸದ್ದಿನ ನಡುವೆ, “ಏನೂ ಮುಟ್ಟಬ್ಯಾಡ್ರಿ, ಕಾಕಾ. ಕತ್ತರಿಸೀರಿ ಅಷ್ಟ. ಇನ್ನೂ ಅಲ್ಲೇ ಅದ. ನೀವು ಬ್ಯಾರೆ ಕಡೆ ಒಯ್ದು ಇಡೂ ತನಕ ಅದು ಎಲ್ಲೂ ಹೋಗಂಗಿಲ್ಲ,” ಎಂದ. ಆ ಸಂಜೆಯೆಲ್ಲ ನಾನು ಏನೂ ಮುಟ್ಟದೆ ಕುರ್ಚಿಯಲ್ಲಿ ಕೂತಿದ್ದೆ.

ತಿಂಗಳುಗಳು ಹೋದವು. ತಿಥಿ ಫೋಲ್ಡರಿನಲ್ಲಿ ಗಲ್ಲಿ ಗಲ್ಲಿಯಾಗಿ ವಿಂಗಡಿಸಿದ್ದಳು. ಒಂದೊಂದಾಗಿ ತೆರೆದೆ. ನನ್ನ ನಿವೃತ್ತಿಯ ನಂತರದವೆಲ್ಲ ನಾನೇ ಓದಿದ ಮ್ಯಾಟರುಗಳು. ಯಾರ ಮನೆಗೆ ‘ಶಿವಗಣಾರಾಧನೆ’, ಯಾರ ಮನೆಗೆ ‘ವೈಕುಂಠ ಸಮಾರಾಧನೆ’ ಎಂದು ಅವಳು ಒಮ್ಮೆಯೂ ತಪ್ಪಿರಲಿಲ್ಲ. ಒಂದೊಂದರ ಕೆಳಗೂ ‘ಓದಿದೆ’. ಅವಳದು ಮಾತ್ರ ಸಿಗಲಿಲ್ಲ. ಎಷ್ಟು ಕೋಪ ಬಂತೆಂದರೆ ಗೋಡೆಯ ಮೇಲಿನ ಅವಳ ಫೋಟೊಗೆ ಬೆನ್ನು ಹಾಕಿ ಕೂರುವಂತೆ ಕುರ್ಚಿ ತಿರುಗಿಸಿಕೊಂಡೆ. ಮೂವತ್ನಾಲ್ಕು ವರ್ಷ ನಾನು ಯಾವ ಫೈಲನ್ನೂ ‘ಸಿಗುತ್ತಿಲ್ಲ’ ಎಂದು ಬರೆದುಕೊಟ್ಟವನಲ್ಲ. ಇವಳ ಮೇಜಿನಲ್ಲಿ ಆ ಅವಮಾನವೂ ಆಗಬೇಕೇ?

ವರ್ಷ ತುಂಬಲು ಮೂರು ವಾರ ಇರುವಾಗ ಸೋತು ಬಸವರಾಜನಿಗೆ ನಿಜ ಹೇಳಿದೆ. ಅವನು ಫೋನ್ ಹಿಡಿದುಕೊಂಡೇ ಕಾರ್ಖಾನೆಯ ಸದ್ದಿನಿಂದ ಹೊರಗೆ ಬಂದ. ಆಮೇಲೆ ಹೇಳಿದ: “ಹೆಸರಿನ ಮುಂದ ಒಂದು ಚುಕ್ಕಿ ಇಟ್ರ ಫೈಲು ಕಾಣಂಗಿಲ್ಲರಿ, ಕಾಕಾ. ಗಿರಾಕಿ ಹಿಂದ ನಿಂತು ನೋಡ್ತಾರ, ಕಾಣಬಾರದು ಅಂತ ಅಕ್ಕಾರು ಒಮ್ಮೆ ಕೇಳಿ ಕಲ್ತಿದ್ರು. ಜೆಡ್ ಒತ್ತಿ ಎಚ್ ಒತ್ರಿ.”

ಜೆಡ್ ಒತ್ತಿ ಎಚ್ ಒತ್ತಿದೆ. ತಿಥಿ ಫೋಲ್ಡರಿನ ತಲೆಯ ಮೇಲೆ, ಇಷ್ಟು ದಿನ ಇಲ್ಲದ ಒಂದು ಸಾಲು ಬಂತು. ಚುಕ್ಕಿ, ಆಮೇಲೆ ‘ಮನೆ’. ಎಲ್ ಒತ್ತಿದೆ. ಒಳಗೆ ಒಂದೇ ಫೈಲು. ತೆರೆದು, ಅಭ್ಯಾಸದಂತೆ ಜೋರಾಗಿ ಓದತೊಡಗಿದೆ.

“ನನ್ನ ಪತಿ ಶ್ರೀ ನಂಜುಂಡಪ್ಪನವರು, ದಿನಾಂಕ, ಖಾಲಿ ಜಾಗ, ರಂದು ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇನೆ.”

ನಂಜುಂಡಪ್ಪ ನಾನು.

ಪಕ್ಕದಿಂದ ಸೆಲ್ವಿ ಓಡಿ ಬಂದರು. “ಯಾರಣ್ಣಾ ಹೋದ್ರು?”

“ನಾನೇ,” ಎಂದೆ.

ಅವರು ನೀರು ತಂದುಕೊಟ್ಟರು. ನಾನು ಮುಂದೆ ಓದಿದೆ. ‘ಮೂವತ್ನಾಲ್ಕು ವರ್ಷ ವಿಮಾ ಕಚೇರಿಯಲ್ಲಿ ಫೈಲುಗಳನ್ನು ಕಾಯ್ದರು. ಯಾರು ಕೇಳಿದ್ದನ್ನೂ ಹುಡುಕಿಕೊಡದೆ ಮನೆಗೆ ಬಂದವರಲ್ಲ. ಮಾತು ಕಡಿಮೆ, ಕೋಪ ಹೆಚ್ಚು. ಆದರೆ ಕೋಪದಲ್ಲಿ ಊಟ ಬಿಟ್ಟವರಲ್ಲ. ನಿವೃತ್ತಿಯ ನಂತರ ಪ್ರತಿ ಸಂಜೆ ನನ್ನ ಅಂಗಡಿಗೆ ಬಂದು ಊರವರ ಕಾರ್ಡುಗಳನ್ನು ಓದಿದರು. ಆಗಾಗ ಸಾಲು ಬಿಟ್ಟರು. ದುಃಖತಪ್ತಳು: ಗಿರಿಜಾ.’ ಕೆಳಗೆ ‘ಓದಿದೆ’ ಇರಲಿಲ್ಲ. ಇದನ್ನು ಮಾತ್ರ ಅವಳು ನನ್ನ ಕೈಯಲ್ಲಿ ಓದಿಸಲು ಸಾಧ್ಯವಿರಲಿಲ್ಲ.

ಹೀಗೆ ನಾನು ಹತ್ತು ತಿಂಗಳಿಗೂ ಮಿಕ್ಕಿ ಎಚ್, ಜೆ, ಕೆ, ಎಲ್ ಕಲಿತು ಹುಡುಕಿದ್ದು ನನ್ನದೇ ಸಾವಿನ ಸುದ್ದಿಯನ್ನು. ಅವಳು ತನ್ನದನ್ನು ಬರೆದೇ ಇರಲಿಲ್ಲ. ನಾನು ಆರು ವರ್ಷ ದೊಡ್ಡವನು, ಸಕ್ಕರೆ ಕಾಯಿಲೆಯವನು, ಮೊದಲು ಹೊರಡುವವನು ನಾನೇ ಎಂದು ಅವಳು ಲೆಕ್ಕ ಹಾಕಿದ್ದಳು. ಬರಬೇಕಾದ ಕೋಪ ಬಂತು. ನನ್ನ ಕಾರ್ಡಿಗೆ ಇಷ್ಟು ಚೆನ್ನಾಗಿ ಮ್ಯಾಟರ್ ಬರೆದಿಟ್ಟು, ತನ್ನದನ್ನು ಆ ತಮ್ಮನ ಮೊಬೈಲಿಗೆ ಬಿಟ್ಟು ಹೋಗುವುದೆಂದರೇನು?

ಮರುದಿನ ಅಂಗಡಿಗೆ ಹೋಗಿ, ಎಡಗಡೆಯ ಉದ್ದ ಕೀಲಿ ಒತ್ತಿ ಇಂಗ್ಲಿಷಿಗೆ ಬದಲಿಸಿ, ನನ್ನ ಫೈಲಿನ ಮೇಲೆ ಪಟ್ಟೆ ನಿಲ್ಲಿಸಿ ವೈ ಎರಡು ಸಲ ಒತ್ತಿದೆ, ಎಚ್ ಒತ್ತಿ ಹಿಂದಕ್ಕೆ ತಿಥಿ ಫೋಲ್ಡರಿಗೆ ಬಂದು ಪಿ ಎರಡು ಸಲ ಒತ್ತಿದೆ. ಇನ್ನೊಂದು ಪ್ರತಿ ಹುಟ್ಟಿತು. ಅದಕ್ಕೆ ಅವಳ ಹೆಸರಿಟ್ಟೆ. ಆಮೇಲೆ ಎರಡು ಬೆರಳಿನಲ್ಲಿ ನಾಲ್ಕು ದಿನ ಟೈಪ್ ಮಾಡಿದೆ. ‘ಇಪ್ಪತ್ತೆರಡು ವರ್ಷ ಹಲಸೂರಿನವರ ಕಾರ್ಡುಗಳಿಗೆ ಅಕ್ಷರ ಜೋಡಿಸಿದಳು. ಯಾರ ಮನೆಯ ಅಜ್ಜಿಯನ್ನೂ ಬಿಟ್ಟವಳಲ್ಲ.’ ಇನ್ನೂ ಕೆಲವು ಸಾಲು ಬರೆದೆ, ಅವು ಕಾರ್ಡಿನಲ್ಲಿರಲಿ. ಪೆನ್ ಡ್ರೈವಿಗೆ ಹಾಕಿಕೊಂಡು ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋಗಿ ಪ್ರೆಸ್‌ನ ನಯಾಜ್ ಸಾಹೇಬರ ಕೈಗೆ ಕೊಟ್ಟು ಬಂದೆ. ಬರುವಾಗ ಒಂಥರಾ ಹೆಮ್ಮೆಯೇ ಆಗಿತ್ತು. ಬಾಮೈದನಿಗೂ ಒಂದು ಪ್ರತಿ ಅಂಚೆಯಲ್ಲಿ ಕಳಿಸಬೇಕು, ಕಾರ್ಡು ಎಂದರೆ ಹೇಗಿರಬೇಕೆಂದು ಅವನಿಗೂ ತಿಳಿಯಲಿ ಎಂದುಕೊಂಡೆ.

ಸಂಜೆ ನಯಾಜ್ ಸಾಹೇಬರ ಫೋನ್ ಬಂತು.

“ಸಾಬ್, ತಪ್ಪು ತಿಳ್ಕೋಬೇಡಿ. ಮೇಲೆ ತೀರ್ಕೊಂಡೋರು ಗಿರಿಜಾ ಮೇಡಮ್. ಕೆಳಗೆ ದುಃಖದಲ್ಲಿ ಇರೋರೂ ಗಿರಿಜಾ ಮೇಡಮ್. ಹಂಗೇ ಹಾಕ್ಲಾ?”

ಪ್ರತಿ ಮಾಡಿದಾಗ ಹಳೆಯ ಸಾಲು ಹಾಗೇ ಉಳಿದುಬಿಟ್ಟಿತ್ತು. ಬಾಮೈದನ ‘ಆಶೀರ್ವಾದವೇ ಉಡುಗೊರೆ’ಗೂ ನನ್ನದಕ್ಕೂ ಇರುವ ವ್ಯತ್ಯಾಸವೆಂದರೆ, ಅವನು ಅರ್ಧ ಗಂಟೆಯಲ್ಲಿ ಮಾಡಿದ್ದನ್ನು ಮಾಡಲು ನನಗೆ ಒಂದು ವರ್ಷ ಹಿಡಿಯಿತು.

“ತಿದ್ದಿ ಕೊಡ್ತೀನಿ ಸಾಹೇಬ್ರೆ,” ಎಂದೆ.

“ತಿದ್ದಿ. ಇನ್ನೊಂದ್ ಮಾತು. ಕೆಳಗೆ ‘ಓದಿದೆ’ ಇಲ್ಲ. ಮೇಡಮ್‌ದು ರೂಲು ಅದು. ಇಪ್ಪತ್ತೆರಡು ವರ್ಷ ನಾನ್ ಮುರಿದಿಲ್ಲ. ಮೇಡಮ್ ಕಾರ್ಡಲ್ಲೇ ಮುರೀಬೇಕಾ?”

ತಿದ್ದಿದೆ. ಈಗ ಅಲ್ಲಿ ‘ದುಃಖತಪ್ತ: ನಂಜುಂಡಪ್ಪ’ ಎಂದಿದೆ. ವರ್ಷದ ತಿಥಿಗೆ ಇನ್ನು ಒಂಬತ್ತು ದಿನ. ಬಾಮೈದ ಫೋನ್ ಮಾಡಿ, “ಭಾವ, ಕಾರ್ಡು ನಾನೇ ಮಾಡಿಸ್ಲಾ?” ಎಂದು ಕೇಳಿದ. ಬೇಡ ಎಂದೆ, ಕೋಪದಿಂದಲ್ಲ, ಆ ಹಕ್ಕು ಈಗ ನನಗಿಲ್ಲ. ಇವತ್ತು ಬೆಳಗ್ಗೆ ಅಂಗಡಿಯಲ್ಲಿ ಮ್ಯಾಟರನ್ನು ಮೊದಲಿಂದ ಕೊನೆಯವರೆಗೆ ಜೋರಾಗಿ ಓದಿದೆ. ಪ್ರತಿ ಸಾಲಿನ ಕೊನೆಗೂ ‘ಹ್ಞೂಂ, ಮುಂದೆ’ಗೆಂದು ನಿಂತೆ. ಯಾವ ಸಾಲು ಬಿಟ್ಟೆನೋ ಗೊತ್ತಿಲ್ಲ; ಬಿಟ್ಟವನಿಗೆ ಗೊತ್ತಾಗುವುದಿಲ್ಲ, ಅದು ಪರದೆಯ ಮುಂದೆ ಕೂತವರಿಗೆ ಗೊತ್ತಾಗುವುದು. ಆ ಒಂದು ಪದ ಟೈಪ್ ಮಾಡಲು ಎಲ್ಲ ಕೀಲಿಗಳೂ ನನಗೆ ಈಗ ಗೊತ್ತು. ಫೈಲು ತಿಥಿ ಫೋಲ್ಡರಿನಲ್ಲಿದೆ, ಹೆಸರಿನ ಮುಂದೆ ಚುಕ್ಕಿ ಇಟ್ಟಿಲ್ಲ. ಕೆಳಗೆ ‘ಓದಿದೆ’ ಇಲ್ಲ.